ಭರಣಿ ಒಂದು, ಚೀಟಿ ಎರಡು: ಸಂಜೆಯ ಕುಂಬಾರಿಕೆ ತರಗತಿಯ ಒಂದು ಪ್ರಕರಣ

ಈ ಪ್ರಕರಣದ ಕೇಂದ್ರದಲ್ಲಿರುವವರು ನಿವೃತ್ತ ಲೆಕ್ಕಪರಿಶೋಧಕಿ, ವಯಸ್ಸು 58. ಅವರಿಗೆ ಬೇಕಾಗಿದ್ದುದು ಒಂದೇ ವಸ್ತು. ತಿಗರಿಯ, ಅಂದರೆ ಕುಂಬಾರನ ಚಕ್ರದ, ಮೇಲೆ ತಾವೇ ಎತ್ತಿದ, ಮುಚ್ಚಳ ಅಲುಗಾಡದೆ ಕೂರುವ ಒಂದು ಭರಣಿ. ಅದರಲ್ಲಿ ಹೊಲಿಗೆಯ ಗುಂಡಿಗಳನ್ನು ಹಾಕಿಡಬೇಕೆಂಬುದು ಅವರ ಯೋಚನೆ. ಇಷ್ಟು ಸಣ್ಣ ಆಸೆಗೆ ಎರಡು ಅವಧಿಗಳ ತರಗತಿ, ಲೆಕ್ಕವಿಲ್ಲದಷ್ಟು ಅರ್ಜಿ, ಒಂದು ಜಗಳ, ಒಂದು ಕ್ಷಮಾಪಣೆ ಮತ್ತು ಮೂರು ಮುಚ್ಚಳಗಳು ಖರ್ಚಾದವು.

ನಾನು ಅದೇ ತರಗತಿಯಲ್ಲಿ ಅವರ ಪಕ್ಕದ ತಿಗರಿಯಲ್ಲಿ ಕೂರುತ್ತಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡೆವು. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಒಂಬತ್ತು ಪುಟದ ನಿಯಮಾವಳಿ ಇತ್ತು, ಅಷ್ಟೇ.

ಹಿನ್ನೆಲೆ

ತರಗತಿ ವಾರಕ್ಕೊಂದು ಸಂಜೆ, ಎರಡೂವರೆ ಗಂಟೆ, ಒಟ್ಟು 12 ವಾರ. ಹನ್ನೆರಡು ವಿದ್ಯಾರ್ಥಿಗಳಿಗೆ ಆರು ತಿಗರಿ, ಮಣ್ಣಿನ ವಸ್ತು ಸುಡುವ ಒಂದು ವಿದ್ಯುತ್ ಆವಿಗೆ, ಒಬ್ಬರು ಶಿಕ್ಷಕಿ, ಒಬ್ಬ ತಂತ್ರಜ್ಞರು. ಶಿಕ್ಷಕಿಗೆ ಗಂಟೆಯ ಲೆಕ್ಕದಲ್ಲಿ ಸಂಬಳ. ಪ್ರತಿ ಅವಧಿಗೂ ಹೊಸ ಗುತ್ತಿಗೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಬೇಕಾಗುತ್ತದೆ.

ಮೊದಲ ಸಂಜೆ ಮಣ್ಣು ಮುಟ್ಟುವ ಮೊದಲು ನಿಯಮಾವಳಿಗೆ ಸಹಿ ಹಾಕಿಸಿಕೊಂಡರು. ನಾವು ಹನ್ನೊಂದು ಮಂದಿ ಕೊನೆಯ ಪುಟ ತಿರುಗಿಸಿ ಸಹಿ ಮಾಡಿದೆವು. ಅವರೊಬ್ಬರು ಮಾತ್ರ ಕನ್ನಡಕ ಹಾಕಿಕೊಂಡು ಒಂಬತ್ತೂ ಪುಟ ಓದಿದರು. ಮೂವತ್ತು ವರ್ಷ ಇನ್ನೊಬ್ಬರ ದಾಖಲೆ ಓದಿ ಬದುಕಿದವರು, ಅಭ್ಯಾಸ ಬಿಡುತ್ತದೆಯೇ? ತರಗತಿಯಿಲ್ಲದ ದಿನ ಯಾರೂ ಕಾರ್ಯಾಗಾರಕ್ಕೆ ಬರುವಂತಿಲ್ಲ. ಪ್ರತಿ ಸಲ ಆವಿಗೆ ಹಚ್ಚುವಾಗ ಒಬ್ಬರಿಗೆ ಎರಡೇ ವಸ್ತು. ಪ್ರತಿ ವಾರ ‘ಇಂದು ನಾನು ಕಲಿತದ್ದು’ ಎಂಬ ನಮೂನೆ ತುಂಬಬೇಕು. ಹಾಜರಾತಿ ಶೇಕಡಾ 80 ಇರಬೇಕು. ಒಮ್ಮೆ ತೇರ್ಗಡೆಯಾದ ಹಂತಕ್ಕೆ ಮತ್ತೆ ಸೇರುವಂತಿಲ್ಲ. ಅವಧಿ ಮುಗಿದ ಏಳು ದಿನದೊಳಗೆ ಒಯ್ಯದ ವಸ್ತುಗಳನ್ನು ವಿಲೇವಾರಿ ಮಾಡಲಾಗುವುದು. ಹೀಗೇ ಸಾಗುತ್ತದೆ ಪಟ್ಟಿ.

ಆ ಕೊನೆಯ ನಿಯಮಕ್ಕೆ ನನ್ನ ಎರಡು ಬಟ್ಟಲುಗಳು ಬಲಿಯಾದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಅಂದು ಕುಂಬಾರನ ಕಡೆ ನಿಂತು ಕೇಳಿಸಿಕೊಂಡೆ. ತಪ್ಪು ನನ್ನದೇ, ಓದದೆ ಸಹಿ ಮಾಡಿದ್ದೆ. ಹಾಗೆ ನೋಡಿದರೆ ಬಟ್ಟಲುಗಳೂ ಅಂಥ ಚೆಂದವೇನಿರಲಿಲ್ಲ.

ಹನ್ನೆರಡು ವಾರ ಎಂದರೆ ಎಷ್ಟು?

ಮೂರನೆಯ ವಾರ ಅವರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ತಂದರು. ಮನೆಗೆ ಹೋಗಿ ಅದನ್ನು ಮತ್ತೆ ಮಾಡಿ ನೋಡಿದೆ, ತಪ್ಪಿರಲಿಲ್ಲ.

ಹಸಿ ಭರಣಿಯನ್ನು ತಿಗರಿಯಿಂದ ಇಳಿಸಿದ ಕೂಡಲೇ ಅದರ ಕೆಲಸ ಮುಗಿಯುವುದಿಲ್ಲ. ಅರ್ಧ ಒಣಗಿ, ಕೈಯಲ್ಲಿ ಹಿಡಿದರೆ ಬಾಗದ, ಉಗುರು ಒತ್ತಿದರೆ ಗುರುತು ಬೀಳುವ ಹದಕ್ಕೆ ಬಂದಾಗ ಬೋರಲು ಹಾಕಿ ತಳ ಕೆತ್ತಬೇಕು. ಆಮೇಲೆ ಪೂರ್ತಿ ಒಣಗಬೇಕು. ಒಳಗೆ ತೇವ ಉಳಿದರೆ ಆವಿಗೆಯಲ್ಲಿ ಆ ನೀರು ಆವಿಯಾಗಿ ಹೊರಬರಲು ದಾರಿ ಕಾಣದೆ ಗೋಡೆಯನ್ನೇ ಸಿಡಿಸುತ್ತದೆ. ಒಣಗಿದ ಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಮೊದಲ ಸುಡುವಿಕೆ. 573 ಡಿಗ್ರಿಯ ಹತ್ತಿರ ಮಣ್ಣಿನೊಳಗಿನ ಸ್ಫಟಿಕದ ಕಣಗಳು ತಟಕ್ಕನೆ ಹಿಗ್ಗುತ್ತವೆ, ಆರುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅದಕ್ಕಾಗಿಯೇ ಏರುವಾಗಲೂ ಇಳಿಯುವಾಗಲೂ ಅವಸರ ಮಾಡುವಂತಿಲ್ಲ. ಕಾಯಿಸಲು ಒಂದು ಹಗಲು, ಆರಲು ಮತ್ತೊಂದು ದಿನ. ಅನಂತರ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬಳಿದು, ನಮ್ಮ ಮಣ್ಣಿಗಾದರೆ 1240 ಡಿಗ್ರಿಯ ಆಸುಪಾಸಿನಲ್ಲಿ, ಎರಡನೆಯ ಸುಡುವಿಕೆ.

ಈಗ ಕೊನೆಯಿಂದ ಹಿಂದಕ್ಕೆ ಎಣಿಸಿ. ಹನ್ನೆರಡನೆಯ ವಾರ ವಸ್ತು ಕೈಗೆ ಬರಬೇಕಾದರೆ ಹನ್ನೊಂದನೆಯ ವಾರ ಗ್ಲೇಜ್ ಆಗಿರಬೇಕು. ಅದಕ್ಕೆ ಮೊದಲ ಸುಡುವಿಕೆ ಹತ್ತು ಮತ್ತು ಹನ್ನೊಂದರ ನಡುವೆ. ಹತ್ತಕ್ಕೆ ಪೂರ್ತಿ ಒಣಗಿರಬೇಕಾದರೆ ಒಂಬತ್ತರಲ್ಲಿ ತಳ ಕೆತ್ತಿರಬೇಕು, ಎಂಟರಲ್ಲಿ ಎತ್ತಿರಬೇಕು. ಎಂಟನೆಯ ವಾರದ ಮೇಲೆ ತಿಗರಿಯಲ್ಲಿ ಮಾಡಿದ್ದೆಲ್ಲ ಮರಳಿ ಮಣ್ಣಿನ ತೊಟ್ಟಿಗೇ. ಮೊದಲ ಮೂರು ವಾರ ಕೈಯಿಂದಲೇ ಹಿಸುಕಿ, ಸುರುಳಿ ಸುತ್ತಿ ಮಾಡುವ ಪಾಠ. ತಿಗರಿಗೆ ಉಳಿದದ್ದು ಐದು ಸಂಜೆ. ಪ್ರತಿ ಸಂಜೆಯ 150 ನಿಮಿಷದಲ್ಲಿ ಮಣ್ಣು ನಾದಿ ಅಣಿಯಾಗಲು 15, ನಮೂನೆಗೆ 15, ಶುಚಿಗೆ 20 ಹೋದರೆ 100 ನಿಮಿಷ. ತಿಗರಿ ಇಬ್ಬರಿಗೊಂದು, ಅಂದರೆ 50. ಐದು ಐವತ್ತಲೆ ಇನ್ನೂರೈವತ್ತು ನಿಮಿಷ.

ನಾಲ್ಕು ಗಂಟೆ ಹತ್ತು ನಿಮಿಷ. ಕರಪತ್ರದಲ್ಲಿ ಅಚ್ಚಾಗಿದ್ದುದು ‘30 ಗಂಟೆಗಳ ತಿಗರಿ ತರಬೇತಿ’.

ತಿರುಗುವ ಮಣ್ಣಿನ ಮುದ್ದೆಯನ್ನು ಅಲುಗದಂತೆ ನಡುವಿಗೆ ತರುವುದಕ್ಕೇ ಹೊಸಬರಿಗೆ ವಾರಗಟ್ಟಲೆ ಬೇಕು. ಅದು ಬುದ್ಧಿಗೆ ತಿಳಿಯುವ ಸಂಗತಿಯಲ್ಲ. ಮೊಣಕೈಯನ್ನು ತೊಡೆಗೆ ಊರಿ, ಉಸಿರು ಬಿಗಿಹಿಡಿಯದೆ, ನೂರು ಸಲ ಕೆಡಿಸಿದ ಮೇಲೆ ಕೈಗೆ ತಾನಾಗಿ ಗೊತ್ತಾಗುವಂಥದ್ದು. ಇಂಥ ವಿದ್ಯೆಗೆ ‘ಒಮ್ಮೆ ತೇರ್ಗಡೆಯಾದ ಹಂತಕ್ಕೆ ಮತ್ತೆ ಸೇರುವಂತಿಲ್ಲ’ ಎಂಬ ನಿಯಮ ಹಾಕಿದವರು ತಿಗರಿಯ ಮುಂದೆ ಕೂತವರಲ್ಲ ಎಂದು ಅಂದೂ ಅಂದುಕೊಂಡೆ, ಇಂದೂ ಅಂದುಕೊಳ್ಳುತ್ತೇನೆ. ಆ ಕಾಲೇಜಿಗೆ ಬರುವ ಅನುದಾನ ‘ಪ್ರಗತಿ’ಯನ್ನು ಎಣಿಸುತ್ತದೆ, ಅದೇ ಹಂತವನ್ನು ಎರಡನೆಯ ಸಲ ಕಲಿತರೆ ಅವರ ಪಟ್ಟಿಯಲ್ಲಿ ಅದು ಪ್ರಗತಿಯಲ್ಲ. ಕಾರಣ ತಿಳಿದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು, ನಿಯಮ ಮಾತ್ರ ಹಾಗೇ ಉಳಿಯಿತು.

ಮುಚ್ಚಳದ ಪ್ರಶ್ನೆ

ಏಳನೆಯ ವಾರ ಅವರ ಭರಣಿ ಎದ್ದಿತು. ಒಂದೇ ಕೂರುವಿಕೆಯಲ್ಲಿ, ಒಂದೇ ಮುದ್ದೆಯ ಮಣ್ಣಿನಿಂದ, ಮುಚ್ಚಳವನ್ನೂ ಎತ್ತಿದರು. ಒಂದೇ ಮಣ್ಣು, ಒಂದೇ ತೇವ ಎಂದಾದರೆ ಎರಡೂ ಒಟ್ಟಿಗೆ ಕುಗ್ಗುತ್ತವೆ, ಕೊನೆಯಲ್ಲಿ ಒಂದಕ್ಕೊಂದು ಹೊಂದುತ್ತವೆ. ಶಿಕ್ಷಕಿ ಹೇಳಿಕೊಟ್ಟಿದ್ದು ಹಾಗೆ.

ಹತ್ತನೆಯ ವಾರ ಗ್ಲೇಜ್ ಬಳಿದು ಆವಿಗೆಯ ಹಲಗೆಯ ಮೇಲೆ ಮೂರು ವಸ್ತು ಇಟ್ಟರು: ಭರಣಿ, ಮುಚ್ಚಳ, ಅದಕ್ಕೂ ಮೊದಲು ಮಾಡಿದ್ದ ಒಂದು ಬಟ್ಟಲು. ಮೂರಕ್ಕೂ ಹೆಸರಿನ ಚೀಟಿ. ಮುಂದಿನ ವಾರ ಬಂದರೆ ಭರಣಿ ಮತ್ತು ಬಟ್ಟಲು ಹೊಳೆಯುತ್ತ ಕೂತಿದ್ದವು, ಮುಚ್ಚಳ ಮಾತ್ರ ಬಿಳಿಯ ಗ್ಲೇಜ್ ಪುಡಿ ಮೆತ್ತಿಕೊಂಡು ಹಲಗೆಯ ಮೇಲೇ ಇತ್ತು. ಒಬ್ಬರಿಗೆ ಎರಡು, ಮೂರನೆಯದು ಮುಂದಿನ ಸರದಿಗೆ.

ಅವರು ನೇರವಾಗಿ ಕಚೇರಿಯ ಕಿಟಕಿಗೆ ಹೋದರು. ಆ ಮಾತುಕತೆ ನನಗೆ ಇನ್ನೂ ನೆನಪಿದೆ.

“ಸರ್, ಭರಣಿಗೂ ಮುಚ್ಚಳಕ್ಕೂ ಸೇರಿ ಒಂದು ಚೀಟಿ ಸಾಲದೇ?”

“ಆವಿಗೆಯಲ್ಲಿ ಎರಡು ಕಡೆ ಜಾಗ ಹಿಡಿಯುತ್ತದಲ್ಲ ಮೇಡಂ. ಎರಡು ಚೀಟಿ.”

“ಮುಚ್ಚಳವಿಲ್ಲದಿದ್ದರೆ ಅದು ಭರಣಿಯೇ ಅಲ್ಲವಲ್ಲ.”

“ನಿಯಮದಲ್ಲಿ ಭರಣಿ ಎಂಬ ಪದವೇ ಇಲ್ಲ ಮೇಡಂ. ವಸ್ತು ಎಂದಿದೆ.”

ಮುಚ್ಚಳ ಮುಂದಿನ ಸರದಿಯಲ್ಲಿ, ಆವಿಗೆಯ ಇನ್ನೊಂದು ಅಂತಸ್ತಿನಲ್ಲಿ ಸುಟ್ಟಿತು. ಹನ್ನೆರಡನೆಯ ವಾರ ತಂದು ಕೂರಿಸಿದರೆ ಕೂರಲಿಲ್ಲ. ಅಳತೆಗಾರರಲ್ಲವೇ, ಕ್ಯಾಲಿಪರ್ ಹಿಡಿದು ನೋಡಿದರು. ಹಸಿಯಲ್ಲಿ 110 ಮಿಲಿಮೀಟರ್ ಇದ್ದ ಭರಣಿಯ ಬಾಯಿ ಒಂದು ದಿಕ್ಕಿನಲ್ಲಿ 98, ಅಡ್ಡಲಾಗಿ 95. ಮುಚ್ಚಳವಿಲ್ಲದೆ ಒಂಟಿಯಾಗಿ ಬೆಂದ ಬಾಯಿ ಮೊಟ್ಟೆಯಾಕಾರಕ್ಕೆ ಸೊಟ್ಟಗಾಗಿತ್ತು. ಆ ಬಾಯಿಯೊಳಗೆ ಇಳಿಯಬೇಕಾದ ಮುಚ್ಚಳದ ಒಳಕಟ್ಟು ಗುಂಡಗೆ 96. ಒಂದು ಮಿಲಿಮೀಟರ್ ದೊಡ್ಡದಲ್ಲ ಎನ್ನುವವರು ಭರಣಿ ಮಾಡಿಲ್ಲ.

ಮಣ್ಣಿನ ಈ ಕುಗ್ಗುವಿಕೆ ಎಷ್ಟು ನಂಬಿಕಸ್ಥವೆಂದರೆ, ಇಂಗ್ಲೆಂಡಿನ ಕುಂಬಾರ ಜೋಸಾಯ ವೆಜ್‌ವುಡ್ 1782ರಲ್ಲಿ ಇದನ್ನೇ ಉಷ್ಣಮಾಪಕವಾಗಿಸಿದ. ಆವಿಗೆಯಲ್ಲಿಟ್ಟು ತೆಗೆದ ಮಣ್ಣಿನ ತುಂಡು ಎಷ್ಟು ಕಿರಿದಾಗಿದೆ ಎಂದು ಅಳೆದು, ಒಳಗೆ ಎಷ್ಟು ಕಾವಿತ್ತು ಎಂದು ಹೇಳುವ ಉಪಾಯ. ನಮ್ಮ ಮುಚ್ಚಳವೂ ಅದನ್ನೇ ಹೇಳುತ್ತಿತ್ತು: ನಾನು ಬೇರೆ ಕಾವಿನಲ್ಲಿ ಬೆಂದಿದ್ದೇನೆ.

ಜಗಳ ಮತ್ತು ಕ್ಷಮಾಪಣೆ

ಅದೇ ರಾತ್ರಿ ಅವರು ಪ್ರಾಂಶುಪಾಲರಿಗೆ ಎರಡು ಪುಟದ ಇಮೇಲ್ ಕಳುಹಿಸಿದರು. 250 ನಿಮಿಷದ ಲೆಕ್ಕ, ಕರಪತ್ರದ 30 ಗಂಟೆ, ಮುಚ್ಚಳದ ಅಳತೆ, ಎಲ್ಲವೂ ಇತ್ತು. ನನಗೂ ಒಂದು ಪ್ರತಿ ಬಂತು. ಓದಿ ‘ಭೇಷ್’ ಎಂದು ಉತ್ತರ ಕೊಟ್ಟೆ. ಈ ಪ್ರಕರಣದಲ್ಲಿ ನನ್ನ ಪಾತ್ರ ಹೆಮ್ಮೆಪಡುವಂಥದ್ದಲ್ಲ.

ಇಮೇಲ್ ಮೇಲಿಂದ ಕೆಳಗೆ ಇಳಿಯಿತು. ಪ್ರಾಂಶುಪಾಲರಿಂದ ವಿಭಾಗದ ಮುಖ್ಯಸ್ಥರಿಗೆ, ಅವರಿಂದ ಶಿಕ್ಷಕಿಗೆ: ‘ನಿಮ್ಮ ತರಗತಿಯಲ್ಲಿ ನಿಗದಿತ ತರಬೇತಿ ಗಂಟೆಗಳು ನಡೆಯುತ್ತಿಲ್ಲವೆಂಬ ದೂರಿದೆ, ವಿವರಣೆ ಕೊಡಿ’. ಪ್ರತಿ ಅವಧಿಗೂ ಗುತ್ತಿಗೆ ನವೀಕರಿಸಿಕೊಳ್ಳಬೇಕಾದವರು ಅವರು. ತಿಗರಿಗಳ ಸಂಖ್ಯೆ, ಆವಿಗೆಯ ವೇಳಾಪಟ್ಟಿ, ನಮೂನೆಯ 15 ನಿಮಿಷ, ಯಾವುದೂ ಅವರ ಕೈಯಲ್ಲಿರಲಿಲ್ಲ. ಹೊಣೆ ಮಾತ್ರ ಅವರ ಹೆಗಲಿಗೆ ಬಿತ್ತು. ವಯಸ್ಕರ ಶಿಕ್ಷಣದಲ್ಲಿ ದೂರು ಕೊಡುವವರು ಮೊದಲು ತಿಳಿಯಬೇಕಾದ ಸಂಗತಿ ಇದು. ನಿಯಮ ಬರೆದವರು ಖಾಯಂ ನೌಕರರು, ನಿಯಮದ ಪೆಟ್ಟು ತಿನ್ನುವವರು ಗಂಟೆ ಲೆಕ್ಕದವರು. ಮೇಲಕ್ಕೆ ಎಸೆದ ಕಲ್ಲು ಕಿಟಕಿಗೆ ತಾಗದೆ ಅವರ ತಲೆಯ ಮೇಲೆ ಬೀಳುತ್ತದೆ.

ಶಿಕ್ಷಕಿ ಜಗಳವಾಡಲಿಲ್ಲ. ‘ಮೊದಲು ನನಗೆ ಹೇಳಬಹುದಿತ್ತು’ ಎಂದಷ್ಟೇ ಅಂದರು. ಲೆಕ್ಕಪರಿಶೋಧಕಿ ಮರುದಿನವೇ ಎರಡನೆಯ ಇಮೇಲ್ ಬರೆದು, ಶಿಕ್ಷಕಿಯ ಪಾಠದ ಬಗ್ಗೆ ತಮಗೆ ಯಾವ ದೂರೂ ಇಲ್ಲ, ತಕರಾರು ವ್ಯವಸ್ಥೆಯ ಬಗ್ಗೆ ಮಾತ್ರ ಎಂದು ಸ್ಪಷ್ಟಪಡಿಸಿದರು. ಶಿಕ್ಷಕಿಯ ಬಳಿ ಎಲ್ಲರೆದುರು ಕ್ಷಮೆಯನ್ನೂ ಕೇಳಿದರು. ಅಷ್ಟರಲ್ಲಿ ಆಗಬೇಕಾದ ನೋವು ಆಗಿತ್ತು.

ಮೂರು ಬಣ್ಣದ ಪೆನ್ಸಿಲ್

ಆಮೇಲೆ ಅವರು ಮಾಡಿದ ಕೆಲಸಕ್ಕಾಗಿಯೇ ಈ ಪ್ರಕರಣ ಬರೆಯಲು ಯೋಗ್ಯವೆನಿಸಿತು. ನಿಯಮಾವಳಿಯ ಒಂಬತ್ತು ಪುಟಗಳನ್ನು ಮತ್ತೆ ಹಿಡಿದು, ಪ್ರತಿ ಸಾಲಿನ ಹಿಂದೆ ಏನಿದೆ ಎಂದು ಹುಡುಕುತ್ತ ಹೊರಟರು. ಜೀವಕ್ಕೆ ಅಪಾಯವಿದ್ದರೆ ಕೆಂಪು, ಹಣ ಅಥವಾ ಎಣಿಕೆ ಇದ್ದರೆ ನೀಲಿ, ಯಾರಿಗೂ ಕಾರಣ ಗೊತ್ತಿಲ್ಲದಿದ್ದರೆ ಹಳದಿ. ಯಾರನ್ನೂ ದೂರಲಿಲ್ಲ, ಕೇಳಿದರು ಅಷ್ಟೇ. ವಯಸ್ಕರು ಏನನ್ನಾದರೂ ಕಲಿಯುವ ಮುನ್ನ ಅದು ಏಕೆ ಎಂದು ತಿಳಿಯಬಯಸುತ್ತಾರೆ ಎಂಬುದು ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ ಮಾತು. ಪಾಠದಂತೆ ನಿಯಮಕ್ಕೂ ಅದು ಹೊಂದುತ್ತದೆ.

ಹೆಚ್ಚು ಉತ್ತರಗಳು ಸಿಕ್ಕಿದ್ದು ತಂತ್ರಜ್ಞರಿಂದ. ಹುದ್ದೆಯ ಏಣಿಯಲ್ಲಿ ಕೊನೆಯ ಮೆಟ್ಟಿಲಿನವರು, ಅದುವರೆಗೆ ನಮ್ಮಲ್ಲಿ ಯಾರೂ ಅವರನ್ನು ನಮಸ್ಕಾರಕ್ಕಿಂತ ಹೆಚ್ಚು ಮಾತಾಡಿಸಿರಲಿಲ್ಲ. ಪ್ರತಿ ಸಂಜೆ ಶುಚಿಗೆ 20 ನಿಮಿಷ ಏಕೆ, ಪೊರಕೆ ಏಕೆ ಕೂಡದು, ಒದ್ದೆ ಬಟ್ಟೆಯಿಂದಲೇ ಏಕೆ ಒರೆಸಬೇಕು ಎಂದು ಕೇಳಿದಾಗ ಅವರು ಸಿಲಿಕಾ ಧೂಳಿನ ವಿಷಯ ಹೇಳಿದರು. ಒಣ ಮಣ್ಣನ್ನು ಗುಡಿಸಿದರೆ ಏಳುವ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣದೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ವರ್ಷಗಳ ಕಾಲ ಅವು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್, ಗುಣವಾಗದ ಕಾಯಿಲೆ. ನಾವು ಹನ್ನೆರಡು ವಾರ ಗೊಣಗಿದ್ದ ನಿಯಮಕ್ಕೆ ಲೆಕ್ಕಪರಿಶೋಧಕಿ ಕೆಂಪು ಗುರುತು ಹಾಕಿದರು. ನಾನು ಆ ದಿನದಿಂದ ಗೊಣಗದೆ ಒರೆಸುತ್ತೇನೆ. ನಿಯಮಾವಳಿಯಲ್ಲಿ ಇದ್ದುದು ‘ಪೊರಕೆ ಬಳಸಬಾರದು’ ಎಂದು ಮಾತ್ರ; ಜೊತೆಗೆ ಒಂದು ಸಾಲು ಕಾರಣವೂ ಇದ್ದಿದ್ದರೆ ಹನ್ನೆರಡು ವಾರದ ಗೊಣಗಾಟ ಉಳಿಯುತ್ತಿತ್ತು.

ಎರಡು ವಸ್ತುಗಳ ನಿಯಮ ನೀಲಿ. ಆವಿಗೆ ಒಂದೇ, ತರಗತಿಗಳು ನಾಲ್ಕು, ಹಲಗೆಯ ಜಾಗ ಹಂಚಬೇಕು. ಇದನ್ನು ವಿವರಿಸುವಾಗಲೇ ತಂತ್ರಜ್ಞರು ಯಾವ ಗತ್ತೂ ಇಲ್ಲದೆ ಒಂದು ಮಾತು ಸೇರಿಸಿದರು: ‘ಅಲ್ಲ ಮೇಡಂ, ಮುಚ್ಚಳವನ್ನು ಬೇರೆ ಇಟ್ಟಿರೇಕೆ? ಭರಣಿಯ ಮೇಲೆ ಕೂರಿಸಿಯೇ ಸುಡುವುದಲ್ಲವೇ?’

ಕುಂಬಾರರು ಮಾಡುವುದೇ ಹಾಗಂತೆ. ಮುಚ್ಚಳ ಮತ್ತು ಬಾಯಿ ಒಂದಕ್ಕೊಂದು ತಾಗುವ ಕಡೆ ಗ್ಲೇಜ್ ಪೂರ್ತಿ ಒರೆಸಿ, ಅಲ್ಯುಮಿನಾ ಪುಡಿ ಬೆರೆಸಿದ ಮೇಣ ಸವರಿದರೆ ಎರಡೂ ಅಂಟಿಕೊಳ್ಳುವುದಿಲ್ಲ. ಜೊತೆಯಲ್ಲೇ ಬೇಯುವುದರಿಂದ ಸೊಟ್ಟಗಾದರೂ ಒಟ್ಟಿಗೇ ಸೊಟ್ಟಗಾಗುತ್ತವೆ. ಹೀಗೆ ಕೂರಿಸಿದರೆ ಜಾಗ ಒಂದೇ, ಚೀಟಿಯೂ ಒಂದೇ. ಕಿಟಕಿಯಲ್ಲಿದ್ದವರು ‘ಎರಡು ಕಡೆ ಜಾಗ ಹಿಡಿಯುತ್ತದೆ’ ಎಂದಾಗ ಉತ್ತರ ಅದರೊಳಗೇ ಇತ್ತು. ನಮಗೆ ಕುಂಬಾರಿಕೆ ಗೊತ್ತಿಲ್ಲದ್ದರಿಂದ ಕೇಳಿಸಲಿಲ್ಲ. ನಿಯಮದೊಡನೆ ಗುದ್ದಾಡಿದ ಒಂದು ಪೂರ್ತಿ ವಾರ, ನಾವು ಕಸುಬಿನ ಒಂದು ಪಾಠವನ್ನೇ ಕಲಿತಿರಲಿಲ್ಲ.

ಹಳದಿ ಬಿದ್ದದ್ದು ‘ಇಂದು ನಾನು ಕಲಿತದ್ದು’ ನಮೂನೆಗೆ. ಅದನ್ನು ಯಾರು ಓದುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ತಿಗರಿಯ ಮೊದಲ ಸಂಜೆ ಲೆಕ್ಕಪರಿಶೋಧಕಿ ‘ಮಣ್ಣು ನಡುವಿಗೆ ಬರಲಿಲ್ಲ’ ಎಂದು ಬರೆದರು, ಮುಂದಿನ ಸಂಜೆ ‘ಇಂದೂ ಬರಲಿಲ್ಲ’. ಏಳನೆಯ ವಾರದಿಂದ ಅದರಲ್ಲಿ ಅಳತೆ ಬರೆಯತೊಡಗಿದರು: ಮುದ್ದೆಯ ತೂಕ, ಹಸಿ ಬಾಯಿಯ ಅಗಲ, ಒಣಗಿದ ಮೇಲೆ, ಮೊದಲ ಸುಡುವಿಕೆಯ ಮೇಲೆ, ಕೊನೆಗೆ. ಹೀಗೆ ಆ ಮಣ್ಣು ಒಟ್ಟು ಸುಮಾರು ಶೇಕಡಾ 12 ಕುಗ್ಗುತ್ತದೆಂಬ ಅವರ ಸ್ವಂತ ಲೆಕ್ಕ ಸಿದ್ಧವಾಯಿತು. ನಮೂನೆ ಉಪಯೋಗಕ್ಕೆ ಬಂತು ಎಂದು ಕಾಲೇಜು ಇದನ್ನು ಹೇಳಿಕೊಳ್ಳಬಹುದು. ಉಳಿದ ಹನ್ನೊಂದು ಜನರಿಗೆ ಅದು ವಾರಕ್ಕೆ ಹದಿನೈದು ನಿಮಿಷದ ದಂಡ, ಅದರಲ್ಲಿ ನನಗೆ ಅನುಮಾನವಿಲ್ಲ.

ಅತ್ತ ದರಿ, ಇತ್ತ ಪುಲಿ

ಮುಚ್ಚಳದ ಗುಟ್ಟು ತಿಳಿಯಿತು, ಇನ್ನೊಂದು ಭರಣಿ ಮಾಡಬೇಕು. ಮಾಡುವುದೆಲ್ಲಿ? ಮೊದಲ ಹಂತಕ್ಕೆ ಮತ್ತೆ ಸೇರುವಂತಿಲ್ಲ, ತೇರ್ಗಡೆಯಾಗಿಬಿಟ್ಟಿದ್ದಾರೆ. ಎರಡನೆಯ ಹಂತಕ್ಕೆ ಶೇಕಡಾ 80 ಹಾಜರಾತಿ ಬೇಕು. ಹನ್ನೆರಡರಲ್ಲಿ ಶೇಕಡಾ 80 ಎಂದರೆ 9.6, ಅಂದರೆ ಹತ್ತು ತರಗತಿ. ಅವರ ಹಾಜರಿ ಒಂಬತ್ತು. ತಾಯಿಯ ಕಾಯಿಲೆಯಿಂದ ಕೆಲವು ಸಂಜೆ ತಪ್ಪಿದ್ದವು. ವಯಸ್ಕ ವಿದ್ಯಾರ್ಥಿ ಎಂದರೆ ಇಂಥ ಸಂಜೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬರುವವರು. ಹದಿನೆಂಟರ ಹುಡುಗರಿಗೆ ಹೊಲಿದ ಅಂಗಿಯಂಥ ಹಾಜರಾತಿ ನಿಯಮ ಅವರಿಗೆ ಹೊಂದುವುದಿಲ್ಲ. ಡೆನ್ಮಾರ್ಕಿನ ರೋಡಿಂಗ್‌ನಲ್ಲಿ 1844ರಲ್ಲಿ ಬೆಳೆದವರಿಗಾಗಿ ಶುರುವಾದ ಜನಪದ ಪ್ರೌಢ ಶಾಲೆಯ ಹಿಂದಿದ್ದ ಚಿಂತಕ ಗ್ರುಂಡ್‌ಟ್ವಿಗ್‌ನ ಯೋಚನೆಯಲ್ಲಿ ಬೆಳೆದವರ ಕಲಿಕೆಗೆ ಪರೀಕ್ಷೆಯೇ ಬೇಕಿರಲಿಲ್ಲ. ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಸುಡುವಿಕೆ ಸಾಕಾಯಿತೇ ಎಂದು ತಿಳಿಯಲು ಆವಿಗೆಯೊಳಗೆ ಇಡುವ ಶಂಕುವನ್ನು ನೋಡಿ: ಜರ್ಮನಿಯ ರಸಾಯನತಜ್ಞ ಹರ್ಮನ್ ಸೆಗರ್ 1886ರ ಸುಮಾರಿಗೆ ರೂಪಿಸಿದ ಈ ಪುಟ್ಟ ಶಂಕು ಬಾಗುವುದು ಕಾವು ಮತ್ತು ಕಾಲ ಎರಡನ್ನೂ ಕೂಡಿಸಿ ಉಂಡಾಗ. ಹಾಜರಿ ಪುಸ್ತಕಕ್ಕೆ ಕಾಲ ಮಾತ್ರ ಗೊತ್ತು.

ಈ ಸಲ ಅವರು ಮೇಲಕ್ಕೆ ಬರೆಯಲಿಲ್ಲ. ಶಿಕ್ಷಕಿಯೊಡನೆ ಮಾತಾಡಿ, ಇಬ್ಬರೂ ಸೇರಿ ಹಾಜರಿ ಪುಸ್ತಕ ನೋಡಿದರು. ರಿಯಾಯಿತಿ ಕೇಳುವ ಉದ್ದೇಶವಿರಲಿಲ್ಲ. ‘ರಿಯಾಯಿತಿ ಕೇಳಿದರೆ ಕೊಡುವವರ ಮನಸ್ಸಿನ ಮೇಲೆ ನಿಲ್ಲುತ್ತದೆ, ಲೆಕ್ಕ ಕೇಳಿದರೆ ಲೆಕ್ಕದ ಮೇಲೆ ನಿಲ್ಲುತ್ತದೆ’ ಎಂದು ಅವರು ನನಗೆ ಹೇಳಿದರು. ಪುಸ್ತಕದಲ್ಲಿ ಐದನೆಯ ವಾರದ ಅಂಕಣ ಪೂರ್ತಿ ಖಾಲಿ. ಅಂದು ಶಿಕ್ಷಕಿಗೆ ಜ್ವರ. ಕಾಲೇಜೇ ತರಗತಿ ರದ್ದುಮಾಡಿತ್ತು, ಬದಲಿ ದಿನ ಕೊಟ್ಟಿರಲಿಲ್ಲ. ತಿಗರಿಯ ಐದು ಸಂಜೆಗಳಲ್ಲಿ ನಮಗೆ ನಿಜಕ್ಕೂ ಸಿಕ್ಕಿದ್ದು ನಾಲ್ಕೇ ಎಂಬುದನ್ನು ಹಿಂದಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಡೆದದ್ದು ಹನ್ನೊಂದು ತರಗತಿ. ಹನ್ನೊಂದರ ಶೇಕಡಾ 80 ಎಂದರೆ 8.8. ಒಂಬತ್ತು ಸಾಕು.

ಶಿಕ್ಷಕಿ ಮತ್ತು ವಿಭಾಗದ ಮುಖ್ಯಸ್ಥರು ಇಬ್ಬರೂ ಒಪ್ಪಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಕಂಪ್ಯೂಟರ್ ಒಪ್ಪಲಿಲ್ಲ. ಛೇದದಲ್ಲಿ ಹನ್ನೆರಡು ಎಂದು ಅವಧಿಯ ಮೊದಲೇ ಹಾಕಿದ್ದಾರಂತೆ, ಬದಲಾಯಿಸಲು ಬರುವುದಿಲ್ಲವಂತೆ. ಒಂದು ವಾರ ಕಡತ ಅತ್ತಿತ್ತ ಓಡಾಡಿತು. ಕೊನೆಗೆ ಕಿಟಕಿಯಲ್ಲಿ ‘ವಸ್ತು ಎಂದಿದೆ’ ಅಂದಿದ್ದರಲ್ಲ, ಅವರೇ ಒಂದು ದಾರಿ ಹುಡುಕಿದರು. ರದ್ದಾದ ಐದನೆಯ ವಾರದ ಅಂಕಣದಲ್ಲಿ ಹನ್ನೆರಡು ಮಂದಿಗೂ ‘ಹಾಜರು’ ಎಂದು ತುಂಬಿಬಿಟ್ಟರು. ಬೀಗ ಹಾಕಿದ್ದ ಕಾರ್ಯಾಗಾರದಲ್ಲಿ ಅಂದು ಎಲ್ಲರೂ ಹಾಜರಿದ್ದರೆಂದು ದಾಖಲೆ ಇಂದಿಗೂ ಹೇಳುತ್ತದೆ. ಮೊದಲ ಸಂಜೆ ಬಿಟ್ಟರೆ ಇಡೀ ಅವಧಿಯಲ್ಲಿ ಹಾಜರಾತಿ ನೂರಕ್ಕೆ ನೂರಾಗಿದ್ದ ಸಂಜೆ ಅದೊಂದೇ. ಮೂವತ್ತು ವರ್ಷ ಸುಳ್ಳು ದಾಖಲೆ ಹಿಡಿದ ಲೆಕ್ಕಪರಿಶೋಧಕಿಗೆ ಇದನ್ನು ನುಂಗಲು ಕಷ್ಟವಾಯಿತು. ಎರಡು ದಿನ ಯೋಚಿಸಿ, ಶುಲ್ಕ ಕಟ್ಟಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಹತ್ತು ಮಂದಿ ಸೇರದಿದ್ದರೆ ಎರಡನೆಯ ಹಂತ ನಡೆಯುವುದಿಲ್ಲ, ಸೇರಿದ್ದು ಒಂಬತ್ತು. ಹತ್ತನೆಯ ಹೆಸರು ನನ್ನದು. ಕುಂಬಾರಿಕೆಯ ಮೋಹದಿಂದ ಸೇರಿದೆ ಎಂದರೆ ಸುಳ್ಳಾಗುತ್ತದೆ. ಆ ‘ಭೇಷ್’ ಇನ್ನೂ ಚುಚ್ಚುತ್ತಿತ್ತು, ಮತ್ತು ತರಗತಿ ನಡೆಯದಿದ್ದರೆ ಶಿಕ್ಷಕಿಗೆ ಆ ಅವಧಿಯ ಗುತ್ತಿಗೆಯೇ ಇರುತ್ತಿರಲಿಲ್ಲ.

ಪೆಟ್ಟಿಗೆ

ಎರಡನೆಯ ಹಂತದಲ್ಲಿ ಉಳಿದಿದ್ದ ದೊಡ್ಡ ತೊಡಕು ವಾರದ ಅಂತರ. ತಳ ಕೆತ್ತುವ ಹದ ಎತ್ತಿದ ಮರುದಿನವೋ ಅದರ ಮರುದಿನವೋ ಬಂದುಹೋಗುತ್ತದೆ. ನಾವು ಬರುವುದು ಏಳು ದಿನದ ಮೇಲೆ. ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟರೆ ಒಮ್ಮೆ ಕಲ್ಲಾಗಿರುತ್ತದೆ, ಒಮ್ಮೆ ಕೆಸರಾಗಿರುತ್ತದೆ. ಎರಡನೆಯ ಮುಚ್ಚಳ ಹೀಗೆಯೇ ಒಣಗಿ, ಕೆತ್ತುವಾಗ ಸೀಳಿತು. ಬೇರೆ ದಿನ ಒಂದು ಗಂಟೆ ಬರಲು ಬಿಡಿ ಎಂಬ ಅರ್ಜಿ ಕೊಟ್ಟರು.

ಅದಕ್ಕೆ ಉತ್ತರ ಬರುವ ಮೊದಲು ಇನ್ನೊಂದು ಉಪಾಯ ಮಾಡಿದರು. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ತಳದಲ್ಲಿ ಎರಡು ಮೂರು ಸೆಂಟಿಮೀಟರ್ ದಪ್ಪ ಪ್ಲಾಸ್ಟರ್ ಎರೆದು, ಅದು ಗಟ್ಟಿಯಾದ ಮೇಲೆ ನೀರು ಕುಡಿಸಿ, ಹಸಿ ವಸ್ತುವನ್ನು ಒಳಗಿಟ್ಟು ಮುಚ್ಚುವುದು. ಪ್ಲಾಸ್ಟರ್ ನಿಧಾನವಾಗಿ ತೇವ ಬಿಡುತ್ತ ಒಳಗಿನ ಗಾಳಿಯನ್ನು ಒದ್ದೆಯಾಗಿಡುತ್ತದೆ. ಹದ ವಾರಗಟ್ಟಲೆ ಕೆಡುವುದಿಲ್ಲ. ಪೆಟ್ಟಿಗೆ ತಂದ ದಿನ ಕಚೇರಿಯ ತಕರಾರು: ಹೊರಗಿನಿಂದ ತರುವ ಉಪಕರಣಕ್ಕೆ ವಿದ್ಯುತ್ ಸುರಕ್ಷತೆಯ ಚೀಟಿ ಬೇಕು. ಪೆಟ್ಟಿಗೆಗೆ ತಂತಿಯೂ ಇಲ್ಲ, ಪ್ಲಗ್ಗೂ ಇಲ್ಲ. ನಾವೆಲ್ಲ ನಕ್ಕೆವು.

ತಂತ್ರಜ್ಞರು ನಗಲಿಲ್ಲ. ಅವರ ತಕರಾರು ಬೇರೆ, ಗಟ್ಟಿಯಾದದ್ದು. ಪ್ಲಾಸ್ಟರಿನ ಒಂದು ಚೂರು ಮಣ್ಣಿನ ತೊಟ್ಟಿಗೆ ಬಿದ್ದರೆ ಸಾಕು, ಅದು ಯಾರದೋ ಬಟ್ಟಲಿನ ಗೋಡೆ ಸೇರಿ, ಸುಟ್ಟ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ವಾರಗಳ ನಂತರ ಚಕ್ಕೆ ಎಬ್ಬಿಸುತ್ತದೆ. ನಾಲ್ಕು ತರಗತಿಗಳ ಮಣ್ಣು ಒಂದೇ ತೊಟ್ಟಿಗೆ ಹೋಗುತ್ತದೆ. ಇದು ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ, ಆದರೂ ಒಂಬತ್ತು ಪುಟಗಳಿಗಿಂತ ತೂಕದ ಮಾತು. ಕೊನೆಗೆ ತೀರ್ಮಾನ ಹೀಗಾಯಿತು: ಪ್ಲಾಸ್ಟರಿನ ಮೇಲೆ ಮರದ ಹಲಗೆ, ಪೆಟ್ಟಿಗೆಯೊಳಗೆ ಏನನ್ನೂ ಕೆರೆಯುವಂತಿಲ್ಲ, ತೊಟ್ಟಿಯಿಂದ ದೂರದ ಕೆಳಗಿನ ಕಪಾಟಿನಲ್ಲಿ ಮಾತ್ರ ಇಡಬೇಕು.

ಮೂರನೆಯ ಮುಚ್ಚಳ ಎಂಟನೆಯ ವಾರದ ಸುಡುವಿಕೆಗೆ ಹೋಯಿತು, ಭರಣಿಯ ಮೇಲೆ ಕೂತುಕೊಂಡು, ಒಂದೇ ಚೀಟಿಯಲ್ಲಿ. ಹೊರಬಂದಾಗ ಬಾಯಿ ಈ ಸಲವೂ ಪೂರ್ತಿ ಗುಂಡಗಿರಲಿಲ್ಲ. ಮುಚ್ಚಳವೂ ಅಷ್ಟೇ, ಅದೇ ದಿಕ್ಕಿಗೆ. ಒಂದು ಮಗ್ಗುಲಲ್ಲಿ ಮಾತ್ರ ಸರಿಯಾಗಿ ಕೂರುತ್ತದೆ. ಹಾಗಾಗಿ ಎರಡರ ಮೇಲೂ ಒಂದೊಂದು ಸಣ್ಣ ಚುಕ್ಕೆ ಇಟ್ಟಿದ್ದಾರೆ, ಚುಕ್ಕೆಗೆ ಚುಕ್ಕೆ ಸೇರಿಸಿ ಮುಚ್ಚಬೇಕು. ಆವಿಗೆಯ ದಾಖಲೆಯಲ್ಲಿ ಅದು ‘ವಸ್ತು: 1’.

ಬೇರೆ ದಿನ ಒಂದು ಗಂಟೆ ಬರಲು ಕೇಳಿದ ಅರ್ಜಿ ಇದನ್ನು ಬರೆಯುವ ಹೊತ್ತಿಗೂ ‘ಪರಿಶೀಲನೆಯಲ್ಲಿದೆ’. ಪೆಟ್ಟಿಗೆ ಕೆಳಗಿನ ಕಪಾಟಿನಲ್ಲೇ ಇದೆ, ಈಗ ಮೂರು ತರಗತಿಯವರು ಅದನ್ನು ಬಳಸುತ್ತಾರೆ. ಅದರ ಮೇಲೆ ಕಚೇರಿಯವರು ಪರೀಕ್ಷಿಸಿ, ಸಹಿ ಹಾಕಿ, ದಿನಾಂಕ ಬರೆದು ಅಂಟಿಸಿದ ಒಂದು ಹಸಿರು ಚೀಟಿ: ‘ಇದು ವಿದ್ಯುತ್ ಉಪಕರಣವಲ್ಲ. ಮುಂದಿನ ಪರೀಕ್ಷೆ ಒಂದು ವರ್ಷದ ನಂತರ.’